ಕಡತದ ಏಳನೆಯ ಮಡಿಕೆ

ನಮ್ಮ ಮನೆಯಲ್ಲಿ ಹೆದರಿಕೆಗೆ ಒಂದು ಜಾಗವಿತ್ತು. ಪಡಸಾಲೆ ದಾಟಿ ನಡುಮನೆಗೆ ಬಂದು, ದೇವರ ಕೋಣೆಯ ಹೊಸ್ತಿಲು ಸಿಗುವ ಮುಂಚೆ ಎಡಕ್ಕೆ ತಿರುಗಿದರೆ ಒಂದು ಕತ್ತಲೆಕೋಣೆ. ಅದರ ಒಳಗೋಡೆಗೆ ಒತ್ತಿ ಇಟ್ಟ ಹಲಸಿನ ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಊರಿನ ಕಡತಗಳು. ನಮ್ಮದು ಶಾನುಭೋಗರ ಮನೆ. ತಾಳಗುಂದದಿಂದ ನಡೆದು ಹೋಗುವಷ್ಟು ದೂರದ ಸಣ್ಣ ಊರು. ಊರಿನ ಜಮೀನು, ಕೆರೆ, ಗಡಿ ಇವುಗಳ ಮಾತೆಲ್ಲ ಆ ಪೆಟ್ಟಿಗೆಯಲ್ಲಿ ಮಲಗಿತ್ತು. ಅದರ ಮುಂದೆ ಹಾದುಹೋಗುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ ಎಂದು ನೆನಪು. ನಿಜವಾಗಿ ಹಿಡಿಯುತ್ತಿದ್ದೆನೋ, ಮುಂದೆ ಆದದ್ದನ್ನೆಲ್ಲ ತಿಳಿದ ಮೇಲೆ ಆ ಹುಡುಗನ ಎದೆಯಲ್ಲಿ ನಾನೇ ಉಸಿರು ಬಿಗಿದೆನೋ ಹೇಳಲಾರೆ. ಜೀವನವಿಡೀ ಬೇರೆಯವರ ದಾಖಲೆಗಳನ್ನು ಅನುಮಾನಿಸಿ ಸಂಬಳ ತೆಗೆದುಕೊಂಡವನು ನಾನು. ನನ್ನ ನೆನಪಿಗೆ ಮಾತ್ರ ರಿಯಾಯಿತಿ ಕೊಡುವುದು ಸರಿಯಲ್ಲ.

ಕಡತ ಅಂದರೆ ಈಗಿನವರಿಗೆ ಆಫೀಸಿನ ಫೈಲು. ನಾನು ಹೇಳುತ್ತಿರುವುದು ಅದಲ್ಲ. ದಪ್ಪ ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಮಗ್ಗುಲಿಗೆ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಸುತ್ತ ಹೋದರೆ ಒಂದು ಕಪ್ಪು ಪುಸ್ತಕವಾಗುತ್ತದೆ. ಎರಡು ಕೊನೆಗೂ ಮರದ ಹಲಗೆ. ಬರೆಯುವುದು ಬಳಪದಲ್ಲಿ, ಕಪ್ಪಿನ ಮೇಲೆ ಬಿಳಿ ಅಕ್ಷರ. ನೀರು ತಾಕದಿದ್ದರೆ ನೂರು ವರ್ಷ ಇರುತ್ತದೆ, ತಾಕಿದರೆ ಒಂದು ಗಳಿಗೆಯೂ ಇರುವುದಿಲ್ಲ. ಅಜ್ಜನ ಕಣ್ಣಿಗೆ ಪೊರೆ ಬಂದು ಓದಲು ಆಗದಂತಾದ ಮೇಲೆ ಶಾನುಭೋಗಿಕೆ ಅಪ್ಪನ ಕೈಗೆ ಬಂದಿತ್ತು, ಆದರೆ ಕಡತದ ಮಾತು ಮಾತ್ರ ಅಜ್ಜನ ಬಾಯಲ್ಲೇ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಪದ್ದತ್ತೆ ಕತ್ತಲೆಕೋಣೆಯ ಬಾಗಿಲು ಅರ್ಧ ಮುಚ್ಚಿ ಅಜ್ಜನಿಗೆ ಮೆಲ್ಲಗೆ ಓದಿಹೇಳುತ್ತಿದ್ದಳು. ಅವಳು ಅಪ್ಪನ ಅಕ್ಕ, ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದವಳು. ಹೆಂಗಸೊಬ್ಬಳು ಊರಿನ ಕಡತ ಓದುತ್ತಾಳೆ ಎಂಬುದು ಹೊರಗಿನವರಿಗೆ ತಿಳಿಯಬಾರದು. ಅವಳು ಬರೆಯುತ್ತಾಳೆ ಎಂಬುದು ಮನೆಯವರಿಗೂ ಅಷ್ಟಾಗಿ ಕಾಣಬಾರದು. ಏಕೆಂದರೆ ಬರೆಯುತ್ತಿದ್ದದ್ದು ಎಡಗೈಯಲ್ಲಿ. ಹಿತ್ತಿಲ ಬೂದಿಯಲ್ಲಿ ನನಗೆ ಅಕ್ಷರ ತಿದ್ದಿಸಿದವಳು ಅವಳೇ. ಉಪ್ಪಿನಕಾಯಿಯ ಭರಣಿಗಳ ಮೇಲೆ ಸುಣ್ಣದಲ್ಲಿ ‘ಮಿಡಿ’, ‘ನಿಂಬೆ’ ಎಂದು ಬರೆಯುತ್ತಿದ್ದಳು. ಅವಳ ಅಕ್ಷರಗಳೆಲ್ಲ ಎಡಕ್ಕೆ ವಾಲುತ್ತಿದ್ದವು, ಗಾಳಿಗೆ ಬೆನ್ನು ಕೊಟ್ಟು ನಿಂತ ದನಗಳ ಹಾಗೆ. ನನ್ನನ್ನು ಹೆದರಿಸುವುದರಲ್ಲಿ ಅವಳಿಗೆ ಒಂದು ಬಗೆಯ ಸುಖವಿತ್ತು.

“ಕಡತದ ಅಕ್ಷರ ಅಳಿಸಿದೋರ ಬಲಗೈ ಒಣಗಿ ಹೋಗತ್ತಂತೆ ಪುಟ್ಟು. ಹಿಂದಿನೋರು ಹೇಳ್ತಿದ್ರು.”

“ನಿಂಗೆ ಹೆದ್ರಿಕೆ ಇಲ್ವಾ ಅತ್ತೆ?”

“ಅದಕ್ಕೇ ಅಲ್ವಾ ನಾನು ಎಡಗೈ ಇಟ್ಕಂಡಿರೋದು.”

ಇದನ್ನೆಲ್ಲ ಬರೆಯಬೇಕಾಗಿ ಬಂದದ್ದು ಗಿರಿಜಮ್ಮನವರ ಫೋನಿನಿಂದ. ಸೊರಬದಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಊರುಗಳ ಹಳೆಯ ಸಾಮಾನು, ಕಾಗದಪತ್ರ ಕೂಡಿಸಿ ಒಂದು ಸಣ್ಣ ಸಂಗ್ರಹಾಲಯ ಮಾಡಿದ್ದಾರೆ; ಸುತ್ತಲಿನ ಜನ ತಾವಾಗಿಯೇ ತಂದುಕೊಟ್ಟದ್ದು, ತಾವಾಗಿಯೇ ನೋಡಿಕೊಳ್ಳುವುದು. ನಮ್ಮ ಮನೆ ಪಾಲಾದಾಗ ಪೆಟ್ಟಿಗೆ ಶಿಕಾರಿಪುರದ ಚಿಕ್ಕಪ್ಪನ ಮಗನ ಅಟ್ಟ ಸೇರಿತ್ತು. ಅವನು ಅದನ್ನು ಗಿರಿಜಮ್ಮನವರಿಗೆ ಕೊಟ್ಟುಬಿಟ್ಟಿದ್ದ.

“ಸರ್, ಕೆರೆ ನೀರಿನ ಕಡತ ಸಿಕ್ಕೈತಿ. ಅದ್ರಾಗೆ ನಮ್ಮಜ್ಜನ ಗದ್ದೀದೂ ಐತಂತೆ. ಗಾಜಿನ ಪೆಟ್ಟಿಗ್ಯಾಗ ಇಡ್ತೀವಿ. ಯಾರು ಬರದದ್ದು, ಯಾವಾಗಿಂದು ಅಂತ ನೀವು ಒಂದ್ ಎಲ್ಡು ಸಾಲು ಬರ್ದು ಕೊಟ್ರೆ ಕಾರ್ಡು ಮಾಡಿಸ್ತೀನಿ. ನೀವು ಬಂದ ಮ್ಯಾಲೇ ಬಿಚ್ಚೋದು.”

ಅವರ ಅಜ್ಜ ಅಂದರೆ ನಮ್ಮೂರ ಕೆರೆಯಿಂದ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿ ದ್ಯಾಮಪ್ಪ. ಆ ಕಡತದ ಏಳನೆಯ ಮಡಿಕೆಯನ್ನು ಒಂಬತ್ತು ವರ್ಷದ ನಾನು ಅಳಿಸಿದ್ದೆ. ತಿರುಗಿ ಬರೆದದ್ದೂ ನಾನೇ. ನಾನು ಬರೆದದ್ದು ಆರು ಸಾಲು. ಆಮೇಲೆ ಊರಿನೆದುರು ಓದಿದಾಗ ಕೇಳಿಸಿದ್ದು ಏಳು. ಆ ದಿನದಿಂದ ನಾನು ಆ ಕಡತವನ್ನು ಬಿಚ್ಚಿ ನೋಡಿಲ್ಲ. ಇತಿಹಾಸ ಪಾಠ ಹೇಳಿದವನಿಗೆ ಇದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ.

ಐವತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಊರ ಕೆಲಸ ಮಾಡುವವರಿಗೆ ಹಿಂದಿನಿಂದ ಬಿಟ್ಟುಕೊಟ್ಟ ಉಂಬಳಿ ಜಮೀನುಗಳಿದ್ದವಲ್ಲ, ಅವನ್ನು ಯಾರು ಯಾವ ಆಧಾರದ ಮೇಲೆ ಉಳುತ್ತಿದ್ದಾರೆ ಎಂದು ನೋಡಲು ತನಿಖೆಯ ಸಾಹೇಬರು ಊರೂರಿಗೆ ಬರುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಪಡಸಾಲೆಗೆ ಬಂದು ಕೂರುವವರ ದನಿ ತಗ್ಗಿತ್ತು. ಮೊದಲು ಹರಟೆ ಹೊಡೆಯುತ್ತಿದ್ದವರು ಈಗ ನೆಲದ ಮೇಲೆ ಬೆರಳಲ್ಲಿ ಗೀರುತ್ತ ಕೂರುತ್ತಿದ್ದರು. ಅಪ್ಪ ಕಡಿಮೆ ಮಾತಿನವರು. ಅವರ ಸಿಟ್ಟು ಕೂಗಿನಲ್ಲಿ ಬರುತ್ತಿರಲಿಲ್ಲ, ತಟ್ಟೆಯನ್ನು ಅರ್ಧಕ್ಕೆ ಸರಿಸಿ ಏಳುವುದರಲ್ಲಿ ಬರುತ್ತಿತ್ತು. ಒಂದು ಬೆಳಿಗ್ಗೆ ಪಡಸಾಲೆಯ ಮೆಟ್ಟಿಲ ಕೆಳಗೆ ನಿಂತಿದ್ದ ದ್ಯಾಮಪ್ಪನವರಿಗೆ ಅವರು ಹೇಳಿದ ಮಾತು ನನ್ನ ಕಿವಿಗೆ ಬಿತ್ತು.

“ಬರೆದದ್ದು ಇದ್ರೆ ಉಳಿಯತ್ತೆ ದ್ಯಾಮಪ್ಪ. ಬಾಯಿ ಮಾತು ನಡೆಯಲ್ಲ.”

“ನಂದು ಕಡತದಾಗ ಐತಲ್ರೀ ಒಡೆಯಾ.”

“ಇದೆ. ಏಳನೇ ಮಡಿಕೇಲಿ ಇದೆ. ಹೆದರ್ಕಬೇಡ.”

ಅದಾದ ಕೆಲವು ದಿನಕ್ಕೆ ಆಯುಧಪೂಜೆ ಬಂತು. ಪುಸ್ತಕ, ಹಲಗೆ, ಕಡತ ಎಲ್ಲವನ್ನೂ ನಡುಮನೆಯಲ್ಲಿ ದೇವರ ಮುಂದೆ ಮಣೆಯ ಮೇಲೆ ಇಟ್ಟು ಪೂಜೆ ಮಾಡುವುದು ನಮ್ಮಲ್ಲಿಯ ರೂಢಿ. ಶಾಲೆಯ ಹುಡುಗರಾದ ನಾವು ಹಿಂದಿನ ದಿನ ನಮ್ಮ ಮರದ ಹಲಗೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಪ್ಪು ಹಚ್ಚಿ ಒಣಗಿಸುತ್ತಿದ್ದೆವು. ಯಾರ ಹಲಗೆ ಹೆಚ್ಚು ಕಪ್ಪು ಎಂಬುದರಲ್ಲಿ ಪಂಥ. ಆ ಸಲ ಅಜ್ಜ, ಕಡತದ ಅಂಚು ಬಿಟ್ಟಿದೆ, ಒಂದು ಕೈ ಕಪ್ಪು ಹಚ್ಚಬೇಕು ಎಂದು ಅತ್ತೆಗೆ ಹೇಳಿದ್ದ. ಅತ್ತೆ ಹುಣಸೆಬೀಜ ಹುರಿದು, ನೆನೆಸಿ, ಅರೆದು, ಕಾಯಿಸಿ, ಕರಟದ ಇದ್ದಿಲು ಕಲಸಿ ಒಂದು ಮಡಕೆಯ ತುಂಬ ಇಟ್ಟಿದ್ದಳು. ಅವಳು ಬಾವಿಗೆ ಹೋದಳು. ಕಡತ ಜಗಲಿಯ ಬಿಸಿಲಲ್ಲಿತ್ತು. ನನ್ನ ಹಲಗೆ ಮುಗಿದಿತ್ತು, ಮಡಕೆಯಲ್ಲಿ ಇನ್ನೂ ಕಪ್ಪು ಉಳಿದಿತ್ತು. ಹೊಗಳಿಸಿಕೊಳ್ಳುವ ಆಸೆ; ಬೇರೇನೂ ಅಲ್ಲ. ಕಡತ ಬಿಚ್ಚಿದೆ. ಅಂಚು ಹರಿದಿದ್ದ ಮಡಿಕೆಯಲ್ಲಿ ಅಕ್ಷರಗಳು ಮಾಸಿ, ಬೂದು ಬಣ್ಣಕ್ಕೆ ತಿರುಗಿ, ಕಪ್ಪಿಗೆ ಅಂಟಿದ ಧೂಳಿನಂತೆ ಕಂಡವು. ಹಲಗೆಗೆ ಕಪ್ಪು ಹಚ್ಚುವ ಮೊದಲು ಒರೆಸಬೇಕಲ್ಲ. ಒರೆಸಿದೆ. ಬಟ್ಟೆ ಹಿಂಡಿದಾಗ ಅದರಿಂದ ಬಿಳಿ ನೀರು ಇಳಿಯಿತು. ಹಾಲಿನ ಹಾಗೆ. ಜಗಲಿಯ ಕೆಂಪು ನೆಲದ ಮೇಲೆ ಹರಿದು ಅಂಚಿನಲ್ಲಿ ನಿಂತ ಆ ನೀರನ್ನು ನೋಡಿದ ಮೇಲೆ ನನಗೆ ಅರ್ಥವಾಯಿತು. ಅದು ಧೂಳಲ್ಲ.

ಓಡಿಹೋಗಲಿಲ್ಲ. ಓಡುವ ಹೆದರಿಕೆಗಿಂತ ದೊಡ್ಡ ಹೆದರಿಕೆಯಲ್ಲಿ ಕಾಲು ಅಲ್ಲೇ ಇರುತ್ತದೆ. ಮಡಿಕೆಗಳನ್ನು ಮೊದಲಿನಿಂದ ಎಣಿಸಿದೆ. ಏಳು. ಇನ್ನೊಮ್ಮೆ ಎಣಿಸಿದೆ. ಆಮೇಲೆ ಬಿಳಿ ನೀರನ್ನು ಕಾಲಲ್ಲಿ ಒರೆಸಿ, ಬರಿದಾದ ಮಡಿಕೆಗೆ ಕಪ್ಪು ಬಳಿದು, ಒಣಗುವ ತನಕ ಅದರ ಪಕ್ಕ ಕೂತು, ಮಡಿಸಿಟ್ಟೆ. ಬಲಗೈಯನ್ನು ಆಗಾಗ ಮುಷ್ಟಿ ಹಿಡಿದು ಬಿಟ್ಟು ನೋಡುತ್ತಿದ್ದೆ, ಒಣಗಲು ಶುರುವಾಯಿತೋ ಎಂದು. ಅತ್ತೆ ಕೊಡ ಇಳಿಸಿ ನನ್ನನ್ನು ಒಂದು ಸಲ, ಕಡತವನ್ನು ಒಂದು ಸಲ ನೋಡಿದಳು.

“ಅಂಚಿಗೆ ಹಚ್ಚಿದ್ಯಾ?”

“ಹೂಂ.”

“ಜಾಣ. ಕೈ ತೊಳ್ಕಂಡು ಬಾ. ಉಗುರ್ ಸಂದೀಲಿ ಕಪ್ಪು ಹಂಗೇ ಇದೆ.”

ಹಬ್ಬದ ಊಟದಲ್ಲಿ ಹೋಳಿಗೆ ಇತ್ತಂತೆ. ನನಗೆ ನೆನಪಿಲ್ಲ. ಕಡತ ದೇವರ ಮುಂದಿತ್ತು, ಅದರ ಮೇಲೆ ಹೂವಿತ್ತು, ಏಳನೆಯ ಮಡಿಕೆಯಲ್ಲಿ ಏನೂ ಇರಲಿಲ್ಲ.

ಆ ಮಡಿಕೆಯ ಮಾತು ಬಾಯಿಪಾಠ ಇದ್ದವರು ಇಬ್ಬರೇ ಎಂದು ತಿಳಿದಿದ್ದೆ. ಒಬ್ಬ ಅಜ್ಜ, ಅವನನ್ನು ಕೇಳಿದರೆ ಯಾಕೆ ಎಂದು ಕೇಳುತ್ತಾನೆ. ಇನ್ನೊಬ್ಬರು ದ್ಯಾಮಪ್ಪ. ಪ್ರತಿ ವರ್ಷ ಕೆರೆಯ ತೂಬು ಮೊದಲ ಸಲ ತೆಗೆಯುವ ದಿನ, ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂದು ಅವರು ತೂಬಿನ ಕಲ್ಲಿನ ಮೇಲೆ ನಿಂತು ಗಟ್ಟಿಯಾಗಿ ಹೇಳಬೇಕು. ಅವರಿಗೆ ಓದು ಬರುತ್ತಿರಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ನನ್ನ ಹಲಗೆ ಹಿಡಿದು ಏರಿಯ ಕೆಳಗಿದ್ದ ಅವರ ಮನೆಗೆ ಹೋದೆ. ಅಂಗಳದಲ್ಲಿ ಗುದ್ದಲಿಗೆ ಹೊಸ ಕಾವು ಹಾಕುತ್ತಿದ್ದರು. ಆಗ ಅವರನ್ನು ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ನಮ್ಮ ಮನೆಯ ಹುಡುಗರೆಲ್ಲ ಹಾಗೇ.

“ಏನ್ ಸಣ್ ಶಾನುಬೋಗ್ರು ಹಲಗಿ ಹಿಡ್ಕಂಡು ಬಂದೀರಿ? ನಮ್ಮನಿ ಜಪ್ತಿ ಮಾಡಾಕ?”

“ನೀರಿನ ಸರದಿ ಹೇಳು ದ್ಯಾಮಪ್ಪ. ಶಾಲೇಲಿ ಬರ್ಕಂಡು ಬಾ ಅಂದಿದಾರೆ.”

“ಸಾಲ್ಯಾಗ ಇದೂ ಕಲಿಸ್ತಾರ? ಹಂಗಾರ ನಾನೂ ಬರ್ತೀನಿ ತಗ, ನಾನೇ ಮೇಷ್ಟ್ರು.”

ನಾನು ನಗಲಿಲ್ಲ. ಅವರು ನನ್ನ ಕೈ ನೋಡಿದರು, ಗುದ್ದಲಿ ಕೆಳಗಿಟ್ಟರು, ಎದ್ದು ನಿಂತರು. ಕೂತು ಹೇಳುವ ಮಾತಲ್ಲ ಅದು. ಕೆರೆಯ ಕಡೆ ಮುಖ ಮಾಡಿ, ತೂಬಿನ ಮೇಲೆ ನಿಂತಾಗಿನ ದನಿಯಲ್ಲೇ ಹೇಳಿದರು.

“ಮೊದಲ್ನೇ ಸರದಿ ದೇವ್ರ ಗದ್ದಿ. ಹೊತ್ತು ಮೂಡಿದಾಗ್ಲಿಂದ ನೆಳ್ಳು ಎಂಟು ಹೆಜ್ಜಿ ಆಗೋ ತನ್ಕ. ಎಲ್ಡನೇದು ಗೌಡ್ರ ಗದ್ದಿ. ನೆಳ್ಳು ಎಂಟು ಹೆಜ್ಜಿಯಿಂದ ಕಾಲಡಿ ಬರೋ ತನ್ಕ...”

ನಾನು ಬರೆಯುವುದು ಹಿಂದೆ ಬಿದ್ದಾಗ ನಿಲ್ಲಿಸಿ ಕಾಯುತ್ತಿದ್ದರು. ಆರು ಸರದಿ ಆಯಿತು. ಗುದ್ದಲಿ ಮತ್ತೆ ಕೈಗೆತ್ತಿಕೊಂಡರು.

“ಮುಂದೆ?”

“ನಾ ಹೇಳೋದು ಇಷ್ಟೇ.”

“ಅಷ್ಟೇನಾ?”

ಅವರು ಕೆರೆಯನ್ನೇ ನೋಡುತ್ತಿದ್ದರು. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ನೆನಪಿನಲ್ಲಿ ಅದು ಬಹಳ ಉದ್ದವಾಗಿದೆ, ನೆನಪು ಇಂಥದ್ದನ್ನೆಲ್ಲ ಹಿಗ್ಗಿಸುತ್ತದೆ.

“ಇಷ್ಟೇ ರೀ ಸಣ್ಣೋರೆ. ಮನಿಗೆ ಹೋಗ್ರಿ, ಮಕ ಬಿಳಿಚಿಕ್ಯಂಡೈತಿ.”

ಹಬ್ಬದ ಮೂರನೆಯ ದಿನದ ತನಕ ಕಡತ ನಡುಮನೆಯ ಮಣೆಯ ಮೇಲೆ ಇರುತ್ತಿತ್ತು. ಅಪ್ಪ ಹೊರಗೆ ಹೋದಾಗ, ಅಜ್ಜ ಒರಗು ಹಲಗೆಗೆ ತಲೆ ಕೊಟ್ಟು ತೂಕಡಿಸುವಾಗ, ಅವನಿಂದ ಮೂರು ಮಾರು ದೂರದಲ್ಲಿ ಕೂತು ಆರು ಸಾಲನ್ನೂ ಏಳನೆಯ ಮಡಿಕೆಗೆ ಇಳಿಸಿದೆ. ಬಳಪ ಕೀರ್ ಎಂದಾಗಲೆಲ್ಲ ಅಜ್ಜನ ಮುಚ್ಚಿದ ರೆಪ್ಪೆ ಅಲುಗುತ್ತಿತ್ತು. ಬೇರೆ ಮಡಿಕೆಗಳಲ್ಲಿದ್ದ ಮುತ್ತಜ್ಜನ ಅಕ್ಷರವನ್ನು ನೋಡಿ ನೋಡಿ ಹಾಗೇ ಬರೆದೆ. ಹೋಲಿಕೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ನನಗೇ ಗುರುತು ಹತ್ತದಷ್ಟು, ಎಂದು ನಂಬಿದ್ದೆ. ಮಡಿಸಿಟ್ಟು, ಕೈ ತೊಳೆದು, ಎರಡು ದಿನ ಹೊಟ್ಟೆ ತುಂಬ ಉಂಡೆ.

ಬರೆದ ಮೂರನೆಯ ದಿನ ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು. ಅತ್ತೆ ಬಡಿಸುತ್ತಿದ್ದಳು. ಅಮ್ಮ ಹೆರಿಗೆಗೆ ತವರಿಗೆ ಹೋಗಿದ್ದ ವರ್ಷ ಅದು, ಅಡುಗೆಯೆಲ್ಲ ಅತ್ತೆಯದೇ. ಸಾಹೇಬರು ಮುಂದಿನ ವಾರ ಬರುತ್ತಾರೆ ಎಂದು ಅಪ್ಪ ಹೇಳಿದರು.

“ಏಳು ಸಾಲು. ಸಾಹೇಬರು ಓದುವಾಗ ಊರೋರೆಲ್ಲ ಇರ್ಲಿ,” ಎಂದ ಅಜ್ಜ. “ಆರು ಸಾಲು ನೀರುಗಂಟಿ ತೂಬಿನ ಮೇಲೆ ಹೇಳ್ತಾನೆ. ಏಳನೇದು ಶಾನುಭೋಗರು ಹೇಳ್ಬೇಕು. ತನ್ನ ಪಾಲು ತಾನು ಹೇಳಂಗಿಲ್ಲ ಅವ್ನು. ಹೇಳಿದ್ರೆ ಕೆರೆ ಒಡೆಯತ್ತೆ ಅಂತ ನಂಬಿಕೆ. ನಂಗೆ ಕಣ್ಣು ಹೋದ ಮೇಲೆ ಏರಿ ಹತ್ತೋದು ತಪ್ಪಿತು, ಆ ಸಾಲು ಹೇಳೋದೂ ನಿಂತು ಹೋಯ್ತು. ಕಡತದಲ್ಲಿ ಇದೆಯಲ್ಲ, ಸಾಕು.”

ಅನ್ನದ ತುತ್ತು ಗಂಟಲಲ್ಲಿ ನಿಂತಿತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆ. ಅತ್ತೆ ಬೆನ್ನು ತಟ್ಟಿದಳು.

“ನಿಧಾನ. ಊಟ ಯಾರೂ ಅಳಿಸಿಬಿಡಲ್ಲ.”

ಅವಳು ಹೇಳಿದ್ದು ‘ಕಸಿದುಕೊಳ್ಳಲ್ಲ’ ಎಂದಿರಬಹುದು. ‘ಅಳಿಸಿಬಿಡಲ್ಲ’ ಎಂಬುದು ನನ್ನ ಸೇರಿಕೆಯಾಗಿರಬಹುದು. ಕೆಮ್ಮು ಮಾತ್ರ ನಿಜ, ಆಮೇಲೆ ಗಂಟಲು ಎರಡು ದಿನ ನೋಯುತ್ತಿತ್ತು. ಏಳನೇ ಮಡಿಕೇಲಿ ಇದೆ ಎಂದು ಅಪ್ಪ ಮೆಟ್ಟಿಲ ಬಳಿ ಹೇಳಿದ್ದು ಆಗ ತಲೆಗೆ ಹತ್ತಿತು. ನಾನು ದ್ಯಾಮಪ್ಪನ ಗದ್ದೆಯನ್ನೇ ಅಳಿಸಿಬಿಟ್ಟಿದ್ದೆ. ಬೇರೆ ಯಾರ ಸರದಿಯೂ ಹೋಗಿರಲಿಲ್ಲ. ಉಳಿದವರ ನೀರನ್ನೆಲ್ಲ ನೆನಪಿಟ್ಟು ನನಗೆ ಕೊಟ್ಟವನದೇ ಹೋಗಿತ್ತು. ಅಜ್ಜನ ಹತ್ತಿರ ಹೋಗಿ ಏಳನೆಯ ಸಾಲು ಏನು ಎಂದು ಕೇಳಲು ಬಾಯಿ ತೆರೆದೆ, ಅಪ್ಪ ಬಾಗಿಲಲ್ಲಿ ನಿಂತಿದ್ದರು. ಮರುದಿನ ಇನ್ನೊಂದು ಪ್ರಯತ್ನಕ್ಕೆ ಕಡತವೇ ಕೈಗೆ ಎಟುಕಲಿಲ್ಲ. ಸಾಹೇಬರು ಬರುವ ತನಕ ಭದ್ರವಾಗಿರಲಿ ಎಂದು ಅಪ್ಪ ಅದನ್ನು ದೇವರ ಕೋಣೆಯ ಒಳಗಿನ ಗೂಡಿನಲ್ಲಿ ಇಟ್ಟಿದ್ದರು. ಉಪನಯನವಾಗದ, ದಿನವಿಡೀ ಮಣ್ಣಿನಲ್ಲಿ ಹೊರಳುವ ನಾನು ಆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅಪ್ಪ ಹಾಗೂ ಅತ್ತೆ ಇಬ್ಬರಿಗೇ ಅಲ್ಲಿಗೆ ಪ್ರವೇಶ. ಹೊಸ್ತಿಲ ಈಚೆ ಕೂತು ಆ ಗೂಡನ್ನು ನೋಡುತ್ತಿದ್ದೆ. ದ್ಯಾಮಪ್ಪ ಒಂದು ದಿನ ಹಿತ್ತಿಲಿಗೆ ಬಂದು, ಬಾವಿಕಟ್ಟೆಯ ಆಚೆ ನಿಂತು ಅತ್ತೆಯೊಂದಿಗೆ ಏನೋ ಮಾತಾಡಿದ್ದನ್ನು ಕಂಡೆ. ದೂರು ಹೇಳಲು ಬಂದ ಎಂದು ತಿಳಿದು ಹುಲ್ಲಿನ ಬಣವೆಯ ಹಿಂದೆ ಸಂಜೆಯಾಗುವ ತನಕ ಕೂತಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ. ಬೈಯದಿದ್ದದ್ದು ಇನ್ನೂ ಹೆದರಿಸಿತು.

ಸಾಹೇಬರು ಬಂದರು. ಕನ್ನಡಕ ಹಾಕಿದ, ಸಣ್ಣ ದನಿಯ ಮನುಷ್ಯ. ನಮ್ಮ ಪಡಸಾಲೆಯಲ್ಲಿ ಮೇಜು ಹಾಕಿದ್ದರು. ಊರಿನವರೆಲ್ಲ ಅಂಗಳದಲ್ಲಿ. ದ್ಯಾಮಪ್ಪ ಮೆಟ್ಟಿಲ ಕೆಳಗೆ, ಟವೆಲು ಕಂಕುಳಲ್ಲಿ. ಅಜ್ಜ ಕಂಬಕ್ಕೆ ಒರಗಿ ಕೂತಿದ್ದ. ಅತ್ತೆ ನಡುಮನೆಯ ಬಾಗಿಲ ಹಿಂದೆ; ಅವಳ ಕಾಲು ಮಾತ್ರ ಕಾಣುತ್ತಿತ್ತು. ಅಪ್ಪ ಕಡತ ತಂದು ಏಳನೆಯ ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟರು. ಇಟ್ಟ ಕೈಯನ್ನು ಕೂಡಲೇ ತೆಗೆಯಲಿಲ್ಲ. ಸಾಹೇಬರು ಬಗ್ಗಿ ನೋಡಿದರು.

“ಶಾನುಭೋಗರೇ, ಈ ಮಡಿಕೆಯ ಬರಹ ಹೊಸದಿದ್ದ ಹಾಗಿದೆಯಲ್ಲರೀ?”

“ಮಾಸಿದ್ದನ್ನ ತಿರುಗಿ ಬರೆಯೋದು ಕಡತದ ಪದ್ಧತಿ ಸ್ವಾಮಿ. ಹಿಂದಿನಿಂದ ಹಾಗೇ ಬಂದಿದೆ.”

“ಬರೆದೋರು ಯಾರು?”

ಕಂಬದ ಕಡೆಯಿಂದ ಅಜ್ಜನ ದನಿ ಬಂತು.

“ನಮ್ಮನೆ ಕೈಯೇ ಸ್ವಾಮಿ. ಓದಿ. ತಪ್ಪಿದ್ರೆ ಊರು ಹೇಳತ್ತೆ.”

ಸಾಹೇಬರು ಓದತೊಡಗಿದರು. ಒಂದೊಂದು ಸಾಲು ಮುಗಿದಾಗಲೂ ಅಜ್ಜನ ತೋರುಬೆರಳು ಮೇಲೆದ್ದು ಮೊಣಕಾಲಿನ ಮೇಲೆ ಇಳಿಯುತ್ತಿತ್ತು. ಅಂಗಳದಲ್ಲಿ ಯಾರದೋ ತಲೆ ಅಲ್ಲಾಡುತ್ತಿತ್ತು: ಸರಿ, ಸರಿ. ನನಗೆ ಬೆರಳು ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ. ನಾಲ್ಕು. ಐದು. ಆರು. ಸಾಹೇಬರು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಅಜ್ಜನ ಬೆರಳು ಗಾಳಿಯಲ್ಲಿ ನಿಂತಿತ್ತು. ಅದು ಏಳನೆಯ ಸಾಲಿಗೆ ಕಾಯುತ್ತಿತ್ತು. ಆ ಸಾಲು ಇಲ್ಲ ಎಂದು ಭೂಮಿಯ ಮೇಲೆ ಗೊತ್ತಿದ್ದದ್ದು ನನಗೆ ಒಬ್ಬನಿಗೆ. ಈಗ ಹೇಳಿಬಿಡುತ್ತೇನೆ ಎಂದುಕೊಂಡೆ. ಸಾಹೇಬರು ಕನ್ನಡಕ ಹಾಕಿಕೊಂಡು ಮತ್ತೆ ಬಗ್ಗಿದರು.

“ಏಳನೆಯದು. ತೂಬಿನ ಬಾಯಿಯ ಕೆಳಗಿನ ಗದ್ದೆ ನೀರುಗಂಟಿಯ ಉಂಬಳಿ. ಕೆರೆಯಲ್ಲಿ ನೀರಿರುವ ತನಕ ಅವನ ವಂಶಕ್ಕೆ.”

ಬೆರಳು ಇಳಿಯಿತು.

ಅಂಗಳದಲ್ಲಿ ತಲೆಗಳು ಅಲ್ಲಾಡಿದವು. ಸಾಹೇಬರು ಬರೆದುಕೊಂಡರು. ನಾನು ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಿದ್ದೆ. ಅತ್ತೆ ಬಾಗಿಲ ಹಿಂದಿನಿಂದ ಕೈ ಚಾಚಿ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಗದ್ದೆ ಉಳಿಯಿತು ಎಂಬ ಸಮಾಧಾನ ನನಗೆ ಆಗಲಿಲ್ಲ. ಅಳಿಸಿದ ಅಕ್ಷರ ತಾನಾಗಿ ಎದ್ದು ಬಂದಿದೆ, ಆ ಕಪ್ಪಿನೊಳಗೆ ಯಾರೋ ಇದ್ದಾರೆ, ಅವರಿಗೆ ನಾನು ಮಾಡಿದ್ದು ಗೊತ್ತಿದೆ ಎಂದಷ್ಟೇ ತಿಳಿಯಿತು. ಜ್ವರ ಬಂತು. ಒಂದು ವಾರ ಗಂಜಿ. ಅತ್ತೆ ಒದ್ದೆ ಬಟ್ಟೆ ಹಣೆಗಿಡಲು ಬಂದರೆ ಕಿರುಚುತ್ತಿದ್ದೆನಂತೆ. ಜ್ವರ ಬಿಟ್ಟ ದಿನ ಅಪ್ಪ ನನ್ನ ಪಕ್ಕ ಒಂದು ಕಾಪಿ ಪುಸ್ತಕ ಇಟ್ಟರು.

“ದಿನಾ ಒಂದು ಪುಟ ಬರಿ. ನಿನ್ನ ಕೈಬರಹ ಚೆನ್ನಾಗಿಲ್ಲ.”

ಮೂರು ವರ್ಷ ಬರೆಸಿದರು. ಕಾರಣವಿಲ್ಲದ ಶಿಕ್ಷೆ ಎಂದು ಅವರ ಮೇಲೆ ಬಹಳ ಕಾಲ ಸಿಟ್ಟಿತ್ತು.

ಮುಂದೆ ಮೈಸೂರಿನಲ್ಲಿ ಇತಿಹಾಸ ಓದಿದೆ. ಅಳಿಸಿದ ಅಕ್ಷರ ಏಳುವುದಿಲ್ಲ ಎಂದು ಕಲಿತೆ. ಹಾಗಾದರೆ ನಾನೇ ಏಳು ಸಾಲು ಬರೆದು ಮರೆತಿರಬೇಕು. ಇಲ್ಲವೇ ದ್ಯಾಮಪ್ಪ ಏಳನ್ನೂ ಹೇಳಿರಬೇಕು, ತನ್ನ ಗದ್ದೆಗೆ ತಾನೇ ಸಾಕ್ಷಿ ಬರೆಸಿಕೊಂಡಿರಬೇಕು. ಈ ಕೊನೆಯ ಊಹೆ ನನಗೆ ಹೆಚ್ಚು ಹಿಡಿಸಿತು. ಅದು ಬುದ್ಧಿವಂತಿಕೆಯ ಹಾಗೆ ಕಾಣುತ್ತಿತ್ತು. ಕಾಲೇಜಿನ ಮೇಷ್ಟ್ರ ಜೊತೆ ತಾಳಗುಂದದ ಶಾಸನ ನೋಡಲು ಬಂದಾಗ ಕಲ್ಲಿನ ಅಕ್ಷರದ ಮೇಲೆ ಕೈಯಾಡಿಸಿ ನೆಮ್ಮದಿಯಾಗಿತ್ತು. ಇದನ್ನು ಯಾರೂ ಒರೆಸಲಾರರು. ಅಲ್ಲಿಂದ ಊರು ನಡೆದು ಹೋಗುವಷ್ಟು ದೂರ. ಹೋಗಲಿಲ್ಲ. ಅತ್ತೆ ತೀರಿಕೊಂಡಾಗಲೂ ಹೋದದ್ದು ತಡವಾಗಿ.

ಸೊರಬದ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಗಿರಿಜಮ್ಮನವರ ಸಂಗ್ರಹಾಲಯ. ಹಳೆಯ ಬತ್ತದ ಗೋದಾಮಿನ ಎರಡು ಕೋಣೆ. ಕೊಳಗ, ಬಳ್ಳ, ಮುಚ್ಚಿದ ಶಾಲೆಯೊಂದರ ಹಾಜರಿ ಪುಸ್ತಕ, ಯಾರದೋ ಮದುವೆಯ ಫೋಟೋ, ಪ್ರತಿಯೊಂದರ ಕೆಳಗೂ ಕಾರ್ಡು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕಡತ ಇಟ್ಟಿದ್ದರು. ಬಿಚ್ಚುವ ಮುಂಚೆ ಅವರಿಗೆ ಎಲ್ಲವನ್ನೂ ಹೇಳಿದೆ. ನಿಮ್ಮ ಅಜ್ಜನ ಮೇಲೆ ಅನುಮಾನ ಪಟ್ಟಿದ್ದೆ ಎಂಬುದನ್ನೂ ಹೇಳಿದೆ. ಅವರು ಕೇಳಿಸಿಕೊಂಡು ಮಡಿಕೆಗಳನ್ನು ಎಣಿಸುತ್ತ ಬಿಚ್ಚಿದರು. ಏಳು.

ಮೊದಲು ಕಂಡದ್ದು ಆರು ಸಾಲು. ದುಂಡುದುಂಡಗಿನ, ಒಂದು ದೊಡ್ಡದು ಒಂದು ಸಣ್ಣದು, ಇಳಿಜಾರಿನಲ್ಲಿ ಜಾರುವ ಅಕ್ಷರ. ಮೂರನೆಯ ಕ್ಲಾಸಿನ ಹುಡುಗನ ಕೈ ಎಂದು ಕುರುಡರೂ ಹೇಳುವಂತಿತ್ತು. ಮುತ್ತಜ್ಜನ ಬರಹಕ್ಕೂ ಅದಕ್ಕೂ ಯಾವ ಹೋಲಿಕೆಯೂ ಇರಲಿಲ್ಲ. ಅಂದರೆ ಮಡಿಕೆ ಬಿಚ್ಚಿ ಕೈ ಇಟ್ಟ ಅಪ್ಪ ಕಂಡಿದ್ದರು. ಸಾಹೇಬರು ಕಂಡಿದ್ದರು. ಕಾಪಿ ಪುಸ್ತಕ ನೆನಪಾಯಿತು. ಕೆಳಗೆ ಏಳನೆಯ ಸಾಲು. ಅದು ನನ್ನದಲ್ಲ. ಅದರ ಅಕ್ಷರಗಳೆಲ್ಲ ಎಡಕ್ಕೆ ವಾಲಿದ್ದವು. ಗಾಳಿಗೆ ಬೆನ್ನು ಕೊಟ್ಟು ನಿಂತ ದನಗಳ ಹಾಗೆ.

ಗಿರಿಜಮ್ಮ ಕುರ್ಚಿ ಎಳೆದು ಕೊಟ್ಟರು.

“ನಮ್ಮಜ್ಜಗೆ ಅವತ್ತೇ ಗೊತ್ತಾಗಿತ್ತು ಸರ್. ಶಾನುಬೋಗ್ರ ಮನಿ ಹುಡುಗನ ಉಗುರಾಗ ಕಡತದ ಕಪ್ಪು, ಕೈ ನಡುಗ್ತೈತಿ, ಅಂತ. ನಿಮ್ಮತ್ತಿ ಹತ್ರ ಹೋಗಿ ಹೇಳಿದ್ನಂತೆ: ‘ಅಮ್ಮಾರೇ, ಸಣ್ಣೋರು ಆರೇ ಬರ್ಕಂಡು ಹೋಗ್ಯಾರ. ಬೈಬ್ಯಾಡ್ರಿ.’ ಅಷ್ಟೇ ಹೇಳಿ ಬಂದ್ನಂತೆ.”

“ಏಳನೇದನ್ನ ನನಗೇ ಹೇಳಿಬಿಡಬಹುದಿತ್ತಲ್ಲ.”

“ತನ್ನ ಪಾಲು ತಾನು ಹೇಳಂಗಿಲ್ಲಲ್ಲ ಸರ್. ಗದ್ದಿ ಹೋದ್ರೂ ಹೇಳಂಗಿಲ್ಲ. ನಮ್ಮಜ್ಜಿ ಅದಕ್ಕೇ ಸಾಯೋ ತನ್ಕ ಬೈತಿದ್ಲು, ಇಂಥಾ ಮೂಗಬಸವನ್ನ ಕಟ್ಕಂಡೆ ಅಂತ.”

ಮನೆಯಲ್ಲಿ ಹೇಳಿ ಹೇಳಿ ಬೆಳೆದ ಕತೆ ಇರಬಹುದು ಇದು. ಅಜ್ಜಂದಿರ ಕತೆಗಳು ಹಾಗೆ ಬೆಳೆಯುತ್ತವೆ. ಎಡಕ್ಕೆ ವಾಲುವ ಅಕ್ಷರ ಎಡಗೈಯದೇ ಆಗಬೇಕೆಂದಿಲ್ಲ. ಅಜ್ಜನಿಗೆ ಓದಿ ಓದಿ ಅತ್ತೆಗೆ ಆ ಸಾಲು ಗೊತ್ತಿತ್ತು ಎಂಬುದೂ ನನ್ನ ಊಹೆ. ಇಷ್ಟನ್ನೂ ಗಿರಿಜಮ್ಮನವರಿಗೆ ಹೇಳಿದೆ. ಹೇಳುತ್ತಿರುವಾಗಲೇ ಕಣ್ಣು ಸಾಲಿನ ಕೊನೆಗೆ ಹೋಯಿತು. ‘ವಂಶಕ್ಕೆ’ ಎಂಬಲ್ಲಿ ಒಂದು ಅಕ್ಷರ ಕೆಟ್ಟು, ಅದನ್ನು ಒದ್ದೆ ಹೆಬ್ಬೆರಳಲ್ಲಿ ಒರೆಸಿ ಮತ್ತೆ ಬರೆದಿತ್ತು. ಒರೆಸಿದ ಕಡೆ ಬೆರಳಿನ ಬಿಳಿ ಗುರುತು ಹಾಗೇ ಉಳಿದಿತ್ತು, ಗೆರೆಗಳ ಸಮೇತ. ದೇವರ ಕೋಣೆಯಲ್ಲಿ, ಅಪ್ಪ ಬರುವುದರೊಳಗೆ, ಎಂಜಲು ಮಾಡಬಾರದ ಜಾಗದಲ್ಲಿ ಬೆರಳನ್ನು ಬಾಯಿಗಿಟ್ಟು ತೇವ ಮಾಡಿಕೊಂಡ ಅತ್ತೆಯನ್ನು ನಾನು ನೋಡಿಲ್ಲ. ಆದರೆ ಅಕ್ಷರ ಅಳಿಸಿದವರ ಬಲಗೈ ಒಣಗುತ್ತದೆ ಎಂದು ನಗುತ್ತಿದ್ದವಳ ಕೈಯೂ ಆ ಹೊತ್ತು ನನ್ನಷ್ಟೇ ನಡುಗಿತ್ತು.

ಕಾರ್ಡಿಗೆ ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಐದನೆಯದನ್ನು ಕೊಟ್ಟೆ. ಗಿರಿಜಮ್ಮ ಗಟ್ಟಿಯಾಗಿ ಓದಿದರು.

“‘ಕೆರೆ ನೀರಿನ ಕಡತ, ಏಳನೆಯ ಮಡಿಕೆ. ಮೊದಲಿನ ಬರಹ ಅಳಿಸಿಹೋಗಿದೆ. ಆರು ಸಾಲು ಹೇಳಿದವರು ನೀರುಗಂಟಿ ದ್ಯಾಮಪ್ಪ. ಅಳಿಸಿದವನು, ತಿರುಗಿ ಬರೆದವನು ಶಾನುಭೋಗರ ಮೊಮ್ಮಗ. ಕೊನೆಯ ಸಾಲು ಆ ಮನೆಯ ಪದ್ದಮ್ಮ ಬರೆದದ್ದಿರಬೇಕು. ಎಲ್ಲವನ್ನೂ ಹೆದರಿಕೊಂಡು ಬರೆದದ್ದು.’”

ಅವರು ಪೆನ್ನು ತೆಗೆದುಕೊಂಡು ಕೊನೆಯ ವಾಕ್ಯದ ಮೇಲೆ ಹಿಡಿದರು.

“ಇದೊಂದು ತಗೀಲಾ ಸರ್? ಉಳಿದದ್ದೆಲ್ಲ ಮಾಹಿತಿ. ಇದು ಯಾಕೋ ಕಾರ್ಡಿಗೆ ಹೊಂದಂಗಿಲ್ಲ.”

“ಉಳಿದದ್ದು ಬೇಕಾದರೆ ತೆಗೀರಿ,” ಎಂದೆ. “ಅದೊಂದೇ ನನಗೆ ಖಚಿತವಾಗಿ ಗೊತ್ತಿರೋದು.”